ಹದಿನಾಲ್ಕನೇ ನಂಬರಿನ ಡ್ರೈವರು ಸೈಕಲ್ ಹತ್ತಿದ್ದು

ಮೂವತ್ತೊಂದು ವರ್ಷ ಒಂದೇ ರೂಟಿನಲ್ಲಿ ಬಸ್ಸು ಓಡಿಸಿದವರ ಹೊಟ್ಟೆಯೊಳಗೆ ಒಂದಾದರೂ ಸಿಟ್ಟು ಗೂಡು ಕಟ್ಟಿಕೊಂಡಿರುತ್ತದೆ. ಕೆಲವರಿಗೆ ಬಾಗಿಲಲ್ಲೇ ಜೋತುಬೀಳುವ ಪ್ರಯಾಣಿಕರ ಮೇಲೆ, ಕೆಲವರಿಗೆ ಡಿಪೋ ಮ್ಯಾನೇಜರ್ ಮೇಲೆ. ಹದಿನಾಲ್ಕನೇ ನಂಬರಿನ ಡ್ರೈವರಿಗೆ ಅದು ಸೈಕಲ್ಲಿನವರ ಮೇಲಿತ್ತು.

ಅವರ ಬಸ್ಸು ನಿಲ್ದಾಣದಿಂದ ಹೊರಟು ಸೇತುವೆ ದಾಟಿ, ಮಾರ್ಕೆಟ್ಟು ಸುತ್ತಿ, ದೊಡ್ಡಾಸ್ಪತ್ರೆ, ಬಟ್ಟೆ ಗಿರಣಿಯ ಗೇಟು ಹಾದು, ಊರಾಚೆಯ ಜಲಾಶಯದವರೆಗೆ ಹೋಗಿ ಬರುತ್ತಿತ್ತು. ದಿನಕ್ಕೆ ಆರು ಟ್ರಿಪ್ಪು. ಆರರಲ್ಲೂ ಯಾರಾದರೊಬ್ಬರು ಸೈಕಲ್ಲಿನವರು ಮುಂದೆ ಓಲಾಡುತ್ತ ಹೋಗುತ್ತಿದ್ದರು. "ರಸ್ತೆ ಇವರಪ್ಪನ ಮನೇದು ಅಂದ್ಕೊಂಡಿದಾರೆ" ಎಂದು ಡ್ರೈವರು ಗೊಣಗಿ, ಹಾರ್ನ್ ಮೇಲೆ ಅಂಗೈ ಊರಿ, ಅವರನ್ನು ರಸ್ತೆಯ ಅಂಚಿಗೆ ಸರಿಸಿ ಮುಂದೆ ಹೋಗುತ್ತಿದ್ದರು. ಆ ಹಾರ್ನ್‌ನಿಂದಾಗಿ ಡಿಪೋದಲ್ಲಿ ಅವರಿಗೆ ಪೋಂಪೋಂ ಎಂಬ ಅಡ್ಡಹೆಸರು ಬಿದ್ದಿತ್ತು. ಅವರೇನೂ ಬೇಸರ ಮಾಡಿಕೊಂಡಿರಲಿಲ್ಲ. ಮೂವತ್ತೊಂದು ವರ್ಷದಲ್ಲಿ ಅವರ ಬಸ್ಸು ಒಂದು ಕೋಳಿಗೂ ತಾಗಿರಲಿಲ್ಲ. ಹೊಸದಾಗಿ ಕೆಲಸಕ್ಕೆ ಸೇರಿದವರನ್ನು ಅವರ ಪಕ್ಕದಲ್ಲೇ ಕೂರಿಸಿ ತರಬೇತಿ ಕೊಡಿಸುತ್ತಿದ್ದರು. "ಗಾಡಿ ಹೇಗೆ ಹೊಡೀಬೇಕು ಅಂತ ಪೋಂಪೋಂ ಹತ್ತಿರ ಕಲೀರಿ" ಎನ್ನುವುದು ಡಿಪೋದ ವಾಡಿಕೆಯ ಮಾತಾಗಿತ್ತು.

ನಿವೃತ್ತಿಯಾದ ಮಾರನೆಯ ಬೆಳಿಗ್ಗೆ ಐದಕ್ಕೆ ಅಭ್ಯಾಸಬಲದಿಂದ ಎದ್ದು, ಗಡ್ಡ ಹೆರೆದು, ಇಸ್ತ್ರಿ ಮಾಡಿದ ಅಂಗಿ ತೊಟ್ಟು ನಡುಮನೆಗೆ ಬಂದವರಿಗೆ ಎಲ್ಲಿಗೆ ಹೋಗಬೇಕೆಂದು ಗೊತ್ತಾಗಲಿಲ್ಲ. ಮನೆಯ ಮುಂದಿನ ಕೋಣೆ ಹೆಂಡತಿಯದು. ಅವರು ಬಟ್ಟೆ ಸರಿಪಡಿಸುವ ಕೆಲಸ ಮಾಡುತ್ತಿದ್ದರು: ಪ್ಯಾಂಟಿನ ಅಂಚು ಮಡಚುವುದು, ಕೋಟಿನ ಒಳಬಟ್ಟೆ ಬದಲಿಸುವುದು, ಕೆಟ್ಟ ಜಿಪ್ಪು ಕಿತ್ತು ಹೊಸದು ಹಾಕುವುದು. ಕೋಣೆಯ ಒಂದು ಮೂಲೆಗೆ ಪರದೆ ಎಳೆದು ಗಿರಾಕಿಗಳು ಬಟ್ಟೆ ಹಾಕಿ ನೋಡಲು ಜಾಗ ಮಾಡಿದ್ದರು. ಹಾಗಾಗಿ ಗಿರಾಕಿ ಬಂದಾಗಲೆಲ್ಲ ಡ್ರೈವರು ಎದ್ದು ಹಿತ್ತಲಿಗೋ ಬೀದಿಗೋ ಹೋಗಬೇಕು. ಗಿರಾಕಿ ಇಲ್ಲದಿದ್ದಾಗ ಅವರು ಸುಮ್ಮನಿರುತ್ತಿರಲಿಲ್ಲ. ಕತ್ತರಿ ಇಡುವ ಜಾಗ ಸರಿಯಿಲ್ಲ, ಮಷೀನಿಗೆ ಎಣ್ಣೆ ಸಾಲದು, ಬಾಗಿಲು ತೆರೆಯುವ ದಿಕ್ಕೇ ತಪ್ಪು ಎಂದು ವರದಿ ಒಪ್ಪಿಸುತ್ತಿದ್ದರು. ಒಂದು ಮಧ್ಯಾಹ್ನ ದಾರದುಂಡೆಗಳನ್ನೆಲ್ಲ ಬಣ್ಣದ ಲೆಕ್ಕದಲ್ಲಿ ಜೋಡಿಸಿಟ್ಟರು. ಅದಾದ ಮೇಲೆ ಹೆಂಡತಿಗೆ ಎರಡು ದಿನ ಕಪ್ಪು ದಾರ ಸಿಗಲಿಲ್ಲ.

"ರೀ, ಇನ್ನೊಂದು ವಾರ ಹೀಗೇ ಮನೇಲಿದ್ರೆ ನಿಮಗೂ ಗುಂಡಿ ಹೊಲಿದು ಹ್ಯಾಂಗರಿಗೆ ತಗಲಿಹಾಕ್ತೀನಿ" ಎಂದರು ಹೆಂಡತಿ.

"ಹೋಗೋಕೆ ಕಾಲಾದ್ರೂ ನೆಟ್ಟಗಿರಬೇಕಲ್ಲ" ಎಂದರು ಡ್ರೈವರು.

ಅದು ನೆಪವಲ್ಲ. ಎಡ ಮಂಡಿ ಆಗಲೇ ಹಠ ಹಿಡಿದಿತ್ತು. ಆಸ್ಪತ್ರೆಯ ಮೂಳೆ ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು, "ನಿಮ್ಮ ಈ ಮಂಡಿ ನಿಮಗಿಂತ ಹತ್ತು ವರ್ಷ ದೊಡ್ಡದು. ಕ್ಲಚ್ ತುಳಿದು ತುಳಿದು ಸವೆದಿದೆ. ಜಾಸ್ತಿ ನಡೀಬೇಡಿ, ಆದರೆ ಸುಮ್ಮನೆ ಕೂರಲೂಬೇಡಿ. ಈಜು ಬರುತ್ತಾ?" ಎಂದು ಕೇಳಿದರು.

"ನೀರು ಕಂಡ್ರೆ ನನಗಾಗಲ್ಲ."

"ಹಾಗಾದ್ರೆ ಸೈಕಲ್ ತುಳೀರಿ."

ಕಳ್ಳತನ ಮಾಡಲು ಹೇಳಿದಂತೆ ಡ್ರೈವರು ಡಾಕ್ಟರ ಮುಖ ನೋಡಿದರು. ಚೀಟಿಯನ್ನು ಮೂರು ದಿನ ಯಾರಿಗೂ ತೋರಿಸಲಿಲ್ಲ. ಒಗೆಯುವ ಮುಂಚೆ ಅಂಗಿಯ ಜೇಬು ತಡವಿದಾಗ ಅದು ಹೆಂಡತಿಯ ಕೈಗೆ ಸಿಕ್ಕಿತು. ಅವರ ಬಾಯಲ್ಲಿ ಆಗ ಐದಾರು ಗುಂಡುಪಿನ್ನುಗಳಿದ್ದವು. ಚೀಟಿ ಓದಿದವರು ಪಿನ್ನುಗಳನ್ನು ಒಂದೊಂದಾಗಿ ತೆಗೆದು ಮೆತ್ತೆಗೆ ಚುಚ್ಚಿ, ಆಮೇಲೆ ಕುರ್ಚಿಯ ಮೇಲೆ ಕೂತು, ಹೊಟ್ಟೆ ಹಿಡಿದುಕೊಂಡು ನಕ್ಕರು. ನಕ್ಕು ಮುಗಿದ ಮೇಲೆ, "ನಾಳೆನೇ ಹೋಗಿ ತಗೊಂಡ್ಬನ್ನಿ" ಎಂದರು.

ಮಾರ್ಕೆಟ್ಟಿನ ಹಿಂದುಗಡೆ ಓಣಿಯಲ್ಲಿ ಸೈಕಲ್ ಅಂಗಡಿಯೊಂದಿತ್ತು. ಮೇಲಿನ ಕೊಕ್ಕೆಗಳಿಗೆ ಚಕ್ರಗಳು, ಗೋಡೆಯ ತುಂಬ ಬೋಲ್ಟು ಬಿಚ್ಚುವ ಪಾನಾಗಳು; ಪ್ರತಿ ಪಾನಾದ ಹಿಂದೆಯೂ ಅದರದೇ ಆಕಾರವನ್ನು ಸುಣ್ಣದಲ್ಲಿ ಬರೆದಿತ್ತು, ಯಾವುದು ಜಾಗದಲ್ಲಿಲ್ಲ ಎಂದು ಒಂದೇ ನೋಟಕ್ಕೆ ತಿಳಿಯುವಂತೆ. ಅದನ್ನು ನೋಡಿ ಡ್ರೈವರಿಗೆ ಅಂಗಡಿಯ ಮೇಲೆ ಒಳ್ಳೆಯ ಅಭಿಪ್ರಾಯ ಬಂತು. ನಲವತ್ತರ ಆಸುಪಾಸಿನ ಹೆಂಗಸೊಬ್ಬರು ಚಕ್ರ ತಿರುಗಿಸುತ್ತ, ಅದರ ಓಲಾಟ ಸರಿಪಡಿಸುತ್ತ ಕೂತಿದ್ದರು. ಮೆಕ್ಯಾನಿಕ್ಕೂ ಅವರೇ, ಯಜಮಾನಿಯೂ ಅವರೇ. ತಲೆಯೆತ್ತಿ ನೋಡಿದ ಮೆಕ್ಯಾನಿಕ್ ಚಕ್ರ ನಿಲ್ಲಿಸಿದರು.

"ನೀವು ಹದಿನಾಲ್ಕರ ಡ್ರೈವರ್ ಅಲ್ವಾ?"

"ಹೌದಮ್ಮ. ನಮ್ಮ ಬಸ್ಸಲ್ಲಿ ಓಡಾಡ್ತಿದ್ರಾ?"

"ಇಲ್ಲ. ನಿಮ್ಮ ಬಸ್ಸಿನ ಪಕ್ಕದಲ್ಲಿ ಓಡಾಡ್ತಿದ್ದೆ. ಒಂದ್ಸಲ ನನ್ನನ್ನ ಚರಂಡಿಗೆ ಇಳಿಸಿದ್ರಿ."

"ನಾನಾ? ನನ್ನ ಗಾಡಿ ಇವತ್ತಿನವರೆಗೆ ಯಾರಿಗೂ ತಾಗಿಲ್ಲ."

"ತಾಗಲಿಲ್ಲ ಬಿಡಿ" ಎಂದ ಮೆಕ್ಯಾನಿಕ್ ಕೈ ಒರೆಸಿಕೊಂಡು ಎದ್ದರು. "ಯಾರಿಗೆ ಸೈಕಲ್ಲು? ಮೊಮ್ಮಗನಿಗಾ?"

"ನನಗೇ."

ಆಕೆ ನಗಲಿಲ್ಲ. ಅದು ಡ್ರೈವರಿಗೆ ಹಿಡಿಸಿತು. ಮೂಲೆಯಿಂದ ಕಡುಹಸಿರು ಬಣ್ಣದ ಹಳೆಯ ಸೈಕಲ್ಲೊಂದನ್ನು ಹೊರತೆಗೆದರು. ತೆಳ್ಳನೆಯ ಉಕ್ಕಿನ ಚೌಕಟ್ಟು, ಕಿರಿದಾದ ಟೈರು, ಕೆಳಕ್ಕೆ ಬಾಗಿದ ಹ್ಯಾಂಡಲ್ಲು. ಡ್ರೈವರನ್ನು ಅದರ ಮೇಲೆ ಕೂರಿಸಿ, ಗೋಡೆ ಹಿಡಿದುಕೊಳ್ಳಲು ಹೇಳಿ, ಮಂಡಿಯ ಮಟ್ಟಕ್ಕೆ ಬಗ್ಗಿದರು.

"ಹಿಮ್ಮಡಿ ಪೆಡಲ್ ಮೇಲಿಡಿ. ಕೆಳಗೆ ಬಂದಾಗ ಕಾಲು ಪೂರ್ತಿ ನೆಟ್ಟಗಾಗಬೇಕು. ಆಯ್ತಾ? ಈಗ ಪಾದದ ಮುಂಭಾಗ ಇಡಿ. ಮಂಡಿ ಚೂರು ಬಗ್ತು ನೋಡಿ, ಅಷ್ಟೇ ಬೇಕಾಗಿರೋದು. ಸೀಟು ಇದಕ್ಕಿಂತ ಕೆಳಗಿದ್ರೆ ಮಂಡಿ ಹಾಳು, ಮೇಲಿದ್ರೆ ಸೊಂಟ ಹಾಳು." ಆಮೇಲೆ ಗೇರು ತೋರಿಸುತ್ತ ಕೇಳಿದರು, "ಬಸ್ಸಲ್ಲಿ ಏರು ಬಂದ್ರೆ ಏನ್ಮಾಡ್ತಿದ್ರಿ?"

"ಏರು ಬರೋ ಮುಂಚೆನೇ ಗೇರ್ ಇಳಿಸ್ತಿದ್ದೆ."

"ಇಲ್ಲೂ ಅದೇ. ಬಂದ್ಮೇಲೆ ಒದ್ದಾಡೋದಲ್ಲ. ಕಾಲಲ್ಲಿ ಒತ್ತಬೇಡಿ, ತಿರುಗಿಸಿ. ಹಗುರವಾಗಿ, ಬೇಗ ಬೇಗ."

ಆ ಮಾತಿನಿಂದ ಸೈಕಲ್ಲೂ ಒಂದು ಗಾಡಿಯೇ ಎಂದು ಡ್ರೈವರಿಗೆ ಮೊದಲ ಸಲ ಅನ್ನಿಸಿತು. ಗಾಡಿ ಅಂದಮೇಲೆ ಕನ್ನಡಿ ಬೇಕು ಎಂದು ಪಟ್ಟು ಹಿಡಿದರು. ಈ ಥರದ ಸೈಕಲ್ಲಿಗೆ ಯಾರೂ ಕನ್ನಡಿ ಹಾಕಿಸಲ್ಲ ಎಂದು ಮೆಕ್ಯಾನಿಕ್ ಎಷ್ಟು ಹೇಳಿದರೂ ಕೇಳಲಿಲ್ಲ. "ಹಿಂದೆ ಏನಿದೆ ಅಂತ ಗೊತ್ತಿಲ್ದೆ ನಾನು ಒಂದಡಿ ಮುಂದೆ ಹೋಗಲ್ಲ" ಎಂದರು. ಕೊನೆಗೆ ಆಕೆ ಡಬ್ಬಿಯೊಂದನ್ನು ಜಾಲಾಡಿ, ಅಂಗೈಯಗಲದ ದುಂಡು ಕನ್ನಡಿಯೊಂದನ್ನು ಹ್ಯಾಂಡಲ್ಲಿನ ತುದಿಗೆ ಸಿಕ್ಕಿಸಿಕೊಟ್ಟರು.

ಮೊದಲ ಸವಾರಿ ಹತ್ತೇ ನಿಮಿಷದ್ದು. ಮಂಡಿ ಏನೂ ಅನ್ನಲಿಲ್ಲ. ಅನ್ನಬೇಕಾದದ್ದನ್ನೆಲ್ಲ ಕೂರುವ ಜಾಗವೇ ಅಂದಿತು. ಆ ಸಂಜೆ ಡ್ರೈವರು ಊಟಕ್ಕೆ ಕೂರದೆ ನಿಂತುಕೊಂಡೇ ಉಂಡರು. ಹೆಂಡತಿ ಏನೂ ಕೇಳದೆ ಒಳಗಿನಿಂದ ಒಂದು ಹಳೆಯ ಚಡ್ಡಿ, ಒಂದು ತುಂಡು ಸ್ಪಂಜು ತಂದು ಮಷೀನಿನ ಮುಂದೆ ಕೂತರು. ಮೊದಲು ಹೊಲಿದದ್ದನ್ನು ಹಾಕಿಕೊಂಡು ನಿಂತಾಗ ಡ್ರೈವರು ದಿಂಬು ಕದ್ದವರಂತೆ ಕಂಡರು. ಎರಡನೆಯದರ ಹೊಲಿಗೆ ತೊಡೆಯ ಸಂದಿಗೆ ಉಜ್ಜಿ ಗಾಯ ಮಾಡಿತು. ಹೆಂಡತಿ ಹಠಕ್ಕೆ ಬಿದ್ದರು. ಹೊಲಿಗೆಯ ಗೆರೆಯೇ ಆ ಜಾಗಕ್ಕೆ ಬರದಂತೆ ಕಾಗದದ ಮೇಲೆ ಹೊಸ ಅಳತೆ ಬರೆದು, ಕತ್ತರಿಸಿ, ಬಿಚ್ಚಿ, ಮತ್ತೆ ಹೊಲಿದು, ಮೂರನೆಯದನ್ನು ಕೈಗೆ ಕೊಟ್ಟರು. "ಇದರೊಳಗೆ ಬೇರೇನೂ ಹಾಕ್ಕೋಬೇಡಿ. ಒಳಚಡ್ಡಿಯ ಹೊಲಿಗೆನೇ ಚುಚ್ಚೋದು" ಎಂದರು. ಮಾರನೆಯ ದಿನ ಡ್ರೈವರು ಗಿರಣಿಯ ಗೇಟಿನವರೆಗೆ ಹೋಗಿ ಬಂದು, ಕುರ್ಚಿ ಎಳೆದುಕೊಂಡು ಕೂತು ಟೀ ಕುಡಿದರು.

ಅಲ್ಲಿಂದ ಮುಂದೆ ಅವರಿಗೆ ಆಗುತ್ತಿದ್ದದ್ದು ಬರೀ ವ್ಯಾಯಾಮವಲ್ಲ. ಕಣ್ಣು ಮುಚ್ಚಿ ಹೇಳಬಲ್ಲೆ ಅಂದುಕೊಂಡಿದ್ದ ರಸ್ತೆ ಅದು. ದೊಡ್ಡಾಸ್ಪತ್ರೆಯಿಂದ ಗಿರಣಿಯವರೆಗೆ ಪೂರ್ತಿ ಏರು ಎಂಬುದು ಮೂವತ್ತೊಂದು ವರ್ಷ ಓಡಾಡಿದವರಿಗೆ ಈಗ ತಿಳಿಯಿತು. ಸೇತುವೆಯ ಮೇಲೆ ಬೆಳಗಿನ ಗಾಳಿ ನದಿಯ ಉದ್ದಕ್ಕೆ ಬೀಸುತ್ತದೆ, ಸಂಜೆ ಅಡ್ಡಕ್ಕೆ ಬೀಸುತ್ತದೆ ಎಂಬುದೂ. ಗಿರಣಿಯಾಚೆ ಮೋರಿಯ ಕೆಳಗೆ ನೀರು ಹರಿಯುವ ಸದ್ದಿದೆ. ಬಸ್ಸಿನ ಎಂಜಿನ್ನು ಅದನ್ನು ಒಂದು ದಿನವೂ ಕೇಳಲು ಬಿಟ್ಟಿರಲಿಲ್ಲ. ಬೇಕರಿಯವನು ಆರೂವರೆಗೆ ಮೊದಲ ಒಲೆ ತೆರೆಯುತ್ತಾನೆ. ಆ ಬ್ರೆಡ್ಡಿನ ವಾಸನೆಯೊಳಗೆ ಹಾದುಹೋಗಲು ಡ್ರೈವರು ಆ ಇನ್ನೂರು ಗಜ ಬೇಕೆಂದೇ ನಿಧಾನ ಮಾಡುತ್ತಿದ್ದರು. ಇಳಿಜಾರಿನಲ್ಲಿ ಕಾಲು ನಿಲ್ಲಿಸಿದರೆ ಹಿಂದಿನ ಚಕ್ರ ಟಿಕಟಿಕ ಎನ್ನುತ್ತ ತಾನಾಗಿ ಓಡುತ್ತದಲ್ಲ, ಆಗ ಅವರ ಮುಖದಲ್ಲಿ ನಗು ತುಂಬಿಕೊಳ್ಳುತ್ತಿತ್ತು. ಅದನ್ನು ನೋಡುವವರು ಯಾರೂ ಇಲ್ಲದ್ದು ಒಳ್ಳೆಯದೇ ಆಯಿತು ಎಂದುಕೊಳ್ಳುತ್ತಿದ್ದರು.

ಭಾನುವಾರ ಬೆಳಿಗ್ಗೆ ಮೆಕ್ಯಾನಿಕ್ಕಿನ ಜೊತೆ ಆರೇಳು ಜನ ಜಲಾಶಯದತ್ತ ಸವಾರಿ ಹೋಗುತ್ತಿದ್ದರು. ಡ್ರೈವರೂ ಸೇರಿಕೊಂಡರು. ಒಬ್ಬರ ಹಿಂದಿನ ಚಕ್ರಕ್ಕೆ ಮೊಳದಷ್ಟು ಹತ್ತಿರ ಇನ್ನೊಬ್ಬರು ಹೋದರೆ ಮುಂದಿನವರು ಗಾಳಿ ಸೀಳುತ್ತಾರೆ, ಹಿಂದಿನವರಿಗೆ ಬಹಳಷ್ಟು ಶ್ರಮ ಉಳಿತಾಯವಾಗುತ್ತದೆ. ಐದು ನಿಮಿಷಕ್ಕೊಮ್ಮೆ ಮುಂದಿನವರು ಪಕ್ಕಕ್ಕೆ ಸರಿದು ಸಾಲಿನ ಕೊನೆಗೆ ಬರಬೇಕು. ಡ್ರೈವರಿಗೆ ಮೊದಮೊದಲು ಇದು ರುಚಿಸಲಿಲ್ಲ. ಮುಂದಿದ್ದ ಜಾಗ ಬಿಟ್ಟುಕೊಟ್ಟು ಅವರಿಗೆ ಅಭ್ಯಾಸವಿರಲಿಲ್ಲ. ನಾಲ್ಕನೆಯ ಭಾನುವಾರ ಎದುರುಗಾಳಿಯಲ್ಲಿ ಮುಂದೆಯೇ ಉಳಿಯಲು ಹೋಗಿ ಉಸಿರು ಗಂಟಲಿಗೆ ಬಂದಾಗ ಪಾಠವಾಯಿತು. ಬಾಯಾರುವ ಮುಂಚೆ ನೀರು ಕುಡಿಯಬೇಕು, ಹಸಿಯುವ ಮುಂಚೆ ಬಾಳೆಹಣ್ಣು ತಿನ್ನಬೇಕು, ಹೊರಡುವ ಮುಂಚೆ ಟೈರನ್ನು ಹೆಬ್ಬೆರಳಿಂದ ಒತ್ತಿ ನೋಡಬೇಕು. ಇವೆಲ್ಲ ಬೇಗ ಕೈವಶವಾದವು. ಮೊದಲ ಪಂಕ್ಚರ್ ಆದಾಗ ಯಾರನ್ನೂ ಹತ್ತಿರ ಬಿಡದೆ, ರಸ್ತೆಬದಿಯಲ್ಲಿ ಕಾಲು ಚಾಚಿ ಕೂತು, ಟ್ಯೂಬು ಬದಲಿಸಿದರು. ಟೈರಿನ ಒಳಗೆ ಬೆರಳಾಡಿಸಿ, ಚುಚ್ಚಿದ್ದ ತಂತಿಯ ಚೂರು ಸಿಗುವವರೆಗೂ ಬಿಡಲಿಲ್ಲ. ಹೊಸ ಟ್ಯೂಬು ಹಾಕುವ ಅವಸರದಲ್ಲಿ ಆ ಚೂರನ್ನು ಅಲ್ಲೇ ಬಿಟ್ಟವರು ಮುಂದಿನ ಮೈಲಿಯಲ್ಲಿ ಮತ್ತೆ ಕೂರುತ್ತಾರೆ. ಅವರು ಗುಂಪಿಗೆ ಕೊಟ್ಟದ್ದೂ ಒಂದಿತ್ತು: ಆರೂ ಹತ್ತು ಅಂದರೆ ಆರೂ ಹತ್ತಕ್ಕೇ ಸಾಲು ಹೊರಡುತ್ತಿತ್ತು.

ಒಂದು ಬುಧವಾರ ಅವರು ಒಬ್ಬರೇ ಹೋಗಿದ್ದರು. ಜಲಾಶಯಕ್ಕೆ ಒಂದೂವರೆ ಮೈಲಿ ಇರುವಾಗ ರಸ್ತೆ ಕಿರಿದಾಗುತ್ತದೆ; ಒಂದು ಮಗ್ಗುಲಿಗೆ ಸೊಂಟದೆತ್ತರದ ಕಲ್ಲುಗೋಡೆ. ಕನ್ನಡಿಯಲ್ಲಿ ಹದಿನಾಲ್ಕನೇ ನಂಬರಿನ ಬಸ್ಸು ಕಾಣಿಸಿತು. ತಿರುವಿಗೆ ಬರುವ ಮುಂಚೆ ಸ್ವಲ್ಪ ಅಗಲ ತೆಗೆದುಕೊಂಡು, ಒಂದೇ ಸಲ ಸ್ಟಿಯರಿಂಗ್ ಎಳೆದು, ಹಿಂದಿನ ಚಕ್ರ ಅಂಚಿಗೆ ತಾಗದಂತೆ ತಿರುಗಿಸಿದ ರೀತಿ ನೋಡಿಯೇ ಯಾರು ಓಡಿಸುತ್ತಿದ್ದಾರೆಂದು ಡ್ರೈವರಿಗೆ ಗೊತ್ತಾಯಿತು. ಅವರ ಕೊನೆಯ ಶಿಷ್ಯ. ಎಂಟು ತಿಂಗಳು ಪಕ್ಕದಲ್ಲಿ ಕೂತು ಕಲಿತವನು. 'ಎಷ್ಟು ಚೆನ್ನಾಗಿ ಹೊಡೀತಾನೆ' ಎಂದು ಅವರ ಮನಸ್ಸು ಹಿಗ್ಗಿತು.

ಆಮೇಲೆ ಹಾರ್ನ್ ಬಂತು. ಬೆನ್ನಿಗೆ ಯಾರೋ ಗುದ್ದಿದಂತಾಯಿತು. ಬಸ್ಸು ನಿಧಾನ ಮಾಡಲಿಲ್ಲ. ಅದರ ತಗಡಿನ ಮೈ ಮೊಣಕೈಯಿಂದ ಗೇಣು ದೂರದಲ್ಲಿ ಒಂದು ಗೋಡೆಯಂತೆ ಹಾಯತೊಡಗಿತು, ಅದು ಮುಗಿಯುವುದೇ ಇಲ್ಲ ಅನ್ನಿಸಿತು. ಮೊದಲು ಗಾಳಿ ಆಚೆ ತಳ್ಳಿತು, ಬಸ್ಸಿನ ಹಿಂಭಾಗ ದಾಟುತ್ತಿದ್ದಂತೆ ಒಳಕ್ಕೆ ಎಳೆಯಿತು. ಡ್ರೈವರು ಹ್ಯಾಂಡಲ್ಲನ್ನು ಗೋಡೆಯ ಕಡೆಗೆ ತಿರುಗಿಸಿದ್ದಷ್ಟೇ ಗೊತ್ತು. ಮುಂದಿನ ಚಕ್ರ ಜಲ್ಲಿಯಲ್ಲಿ ಜಾರಿ, ಅವರು ಗೋಡೆಗೆ ಭುಜ ಒರಗಿಸಿಕೊಂಡೇ ಕೆಳಗೆ ಬಿದ್ದರು. ಬಸ್ಸು ಮುಂದಿನ ತಿರುವಿನಲ್ಲಿ ಮರೆಯಾಯಿತು.

ಮೊಣಕೈ ತರಚಿತ್ತು, ಅಂಗಿ ಹರಿದಿತ್ತು. ಅಷ್ಟು ಬಿಟ್ಟರೆ ಏನೂ ಆಗಿರಲಿಲ್ಲ. ಆದರೂ ಡ್ರೈವರಿಗೆ ತಕ್ಷಣ ಏಳಲು ಆಗಲಿಲ್ಲ. ಕೊನೆಗೆ ಸೈಕಲ್ಲನ್ನು ಎತ್ತಿ ನಿಲ್ಲಿಸಿ, ಗೋಡೆಯ ಮೇಲೆ ಕೂತರು. ಹುಡುಗನಿಗೆ ಬೈಯೋಣವೆಂದು ಬಾಯಿ ತೆರೆದರೆ ಬೈಗುಳ ಬರಲಿಲ್ಲ. ಅವನೇನೂ ತಪ್ಪು ಮಾಡಿರಲಿಲ್ಲ, ಕಲಿಸಿದ್ದನ್ನು ಮಾಡಿದ್ದ. 'ಹಾರ್ನ್ ಹೊಡಿ, ಬ್ರೇಕ್ ಮುಟ್ಟಬೇಡ, ಅವರೇ ಸರೀತಾರೆ.' ಇದೇ ತಿರುವಿನಲ್ಲಿ, ಇವರದೇ ಬಾಯಿಂದ ಬಂದ ಮಾತು. ಅವರ ಪಕ್ಕದಲ್ಲಿ ಹಾದುಹೋದದ್ದು ಅವರದೇ ಬಸ್ಸು. ಮೂವತ್ತೊಂದು ವರ್ಷ, ದಿನಕ್ಕೆ ಆರು ಟ್ರಿಪ್ಪು. ಎಷ್ಟು ಜನ ಹೀಗೆ ಈ ಗೋಡೆಯ ಮೇಲೆ ಕೂತಿದ್ದರೋ. ಕನ್ನಡಿಯಲ್ಲಿ ಒಬ್ಬರೂ ಕಂಡಿರಲಿಲ್ಲ, ಯಾಕೆಂದರೆ ಅಷ್ಟರಲ್ಲಿ ಬಸ್ಸು ತಿರುವು ದಾಟಿರುತ್ತಿತ್ತು.

ಅವರು ನೆಟ್ಟಗೆ ಸೈಕಲ್ ಅಂಗಡಿಗೆ ಬಂದರು. ಮೆಕ್ಯಾನಿಕ್ ಮೊಣಕೈ ನೋಡಿ ಸ್ಟೂಲು ಎಳೆದು ಕೂರಿಸಿ, ಗಾಯದೊಳಗಿನ ಮರಳನ್ನು ನೀರು ಹಾಕಿ ತೊಳೆಯತೊಡಗಿದರು. ಹೇಗಾಯಿತು ಎಂದು ಡ್ರೈವರು ಹೇಳಿದರು. ಆಮೇಲೆ ತಲೆ ತಗ್ಗಿಸಿಯೇ ಕೇಳಿದರು.

"ನಿಮ್ಮನ್ನ ಚರಂಡಿಗೆ ಇಳಿಸಿದ್ದು ಎಲ್ಲಿ?"

"ಗಿರಣಿ ಗೇಟಿನ ಹತ್ತಿರ. ನನಗಾಗ ಹತ್ತೊಂಬತ್ತು. ಕೆಲಸಕ್ಕೆ ಹೋಗ್ತಿದ್ದೆ."

"ಪೆಟ್ಟಾಯ್ತಾ?"

"ಮಣಿಕಟ್ಟು ಮುರೀತು. ಆರು ವಾರ ಪಟ್ಟಿ. ತಲೆ ಬಾಚ್ಕೊಳೋಕೂ ಆಗ್ತಿರಲಿಲ್ಲ, ಅಮ್ಮ ಬಾಚ್ತಿದ್ರು. ಬಾಚೋವಾಗೆಲ್ಲ ನಿಮಗೆ ಶಾಪ ಹಾಕೋರು."

"ನನಗೆ ಗೊತ್ತೇ ಆಗಲಿಲ್ಲಮ್ಮ" ಎಂದರು ಡ್ರೈವರು. ಅದು ಸಾಲದು ಅನ್ನಿಸಿತು. "ತಪ್ಪಾಯ್ತು. ನಾನು ಗಾಡಿ ಚೆನ್ನಾಗಿ ಹೊಡೀತೀನಿ ಅಂದ್ಕೊಂಡಿದ್ದೆ."

ಮೆಕ್ಯಾನಿಕ್ ಹತ್ತಿಯಿಂದ ಮೊಣಕೈ ಒತ್ತಿ ಹಿಡಿದರು. "ಚೆನ್ನಾಗೇ ಹೊಡೀತಿದ್ರಿ. ನಾವು ನಿಮಗೆ ಕಾಣ್ತಿರಲಿಲ್ಲ, ಅಷ್ಟೇ. ಕೈ ಮಡಚಬೇಡಿ, ಔಷಧಿ ಹಚ್ತೀನಿ. ಉರಿಯುತ್ತೆ."

ಮಾರನೆಯ ದಿನ ಪಾಳಿ ಬದಲಾಗುವ ಹೊತ್ತಿಗೆ ಡ್ರೈವರು ಸೈಕಲ್ ತುಳಿದುಕೊಂಡೇ ಡಿಪೋಗೆ ಹೋದರು. ಗೇಟಿನಲ್ಲಿದ್ದವರೆಲ್ಲ ಸುತ್ತುಗಟ್ಟಿದರು. ಪೋಂಪೋಂ ಚಡ್ಡಿ ಹಾಕಿಕೊಂಡು ಸೈಕಲ್ಲಿನಲ್ಲಿ ಬಂದಿದ್ದಾರೆ ಎಂಬ ಸುದ್ದಿ ಕ್ಯಾಂಟೀನ್‌ವರೆಗೂ ಮುಟ್ಟಿತು. ಶಿಷ್ಯ ಟೀ ಲೋಟ ಹಿಡಿದೇ ಓಡಿಬಂದ.

"ಗುರುಗಳೇ, ಇದೇನಿದು ಹೊಸ ಅವತಾರ?"

"ನಿನ್ನೆ ಜಲಾಶಯದ ರಸ್ತೇಲಿ, ಗೋಡೆ ಹತ್ತಿರ, ಒಂದು ಹಸಿರು ಸೈಕಲ್ ನೋಡಿದ್ಯಾ?"

ಶಿಷ್ಯ ನೆನಪು ಮಾಡಿಕೊಳ್ಳಲು ನೋಡಿದ. "ಇಲ್ವಲ್ಲ. ಯಾಕೆ?"

ಡ್ರೈವರು ಬ್ಯಾಂಡೇಜ್ ಕಟ್ಟಿದ ಮೊಣಕೈ ಎತ್ತಿ ತೋರಿಸಿದರು. ಅವನ ಮುಖದ ನಗು ಮಾಯವಾಯಿತು. ಲೋಟವನ್ನು ಕಟ್ಟೆಯ ಮೇಲಿಟ್ಟು, ಸೈಕಲ್ಲನ್ನೊಮ್ಮೆ, ಗುರುಗಳನ್ನೊಮ್ಮೆ ನೋಡಿದ.

"ನೀವು ಹೇಳಿಕೊಟ್ಟ ಹಾಗೇ ಹೊಡೆದೆ, ಗುರುಗಳೇ" ಎಂದ ಮೆಲ್ಲಗೆ.

"ಗೊತ್ತು ಕಣೋ. ಅದಕ್ಕೇ ಬಂದಿದೀನಿ. ತಪ್ಪು ಹೇಳಿಕೊಟ್ಟಿದೀನಿ. ಬಾ, ಮ್ಯಾನೇಜರ್ ಹತ್ರ ಹೋಗೋಣ."

ಡಿಪೋ ಮ್ಯಾನೇಜರ್ ಮಿತಮಾತಿನ ಹೆಂಗಸು. ಕಾಗದದ ಮೇಲೆ ಇಲ್ಲದ್ದನ್ನು ನಂಬುವವರಲ್ಲ. ಡ್ರೈವರು ಕೇಳಿದ್ದು ಇಷ್ಟೇ: ಅಂಗಳದಲ್ಲಿ ಒಂದು ಗಂಟೆ, ಒಂದು ಬಸ್ಸು, ಎಂಟು ಜನ ಡ್ರೈವರುಗಳು. ಡ್ರೈವರುಗಳು ಗೋಡೆಯ ಪಕ್ಕ ಸ್ಟ್ಯಾಂಡಿಗೆ ಬಿಗಿದ ಸೈಕಲ್ಲುಗಳ ಮೇಲೆ ಕೂರುತ್ತಾರೆ. ತಾನು ಅವರ ಪಕ್ಕದಲ್ಲಿ ಬಸ್ಸು ಹಾಯಿಸುತ್ತೇನೆ.

"ಯಾರಿಗಾದ್ರೂ ಏನಾದ್ರೂ ಆದ್ರೆ?" ಎಂದರು ಮ್ಯಾನೇಜರ್.

"ನಿಂತಿರೋ ಸೈಕಲ್ ಪಕ್ಕದಲ್ಲಿ ಬಸ್ಸು ಹೋದ್ರೆ ಏನಾದ್ರೂ ಆಗಬಹುದು ಅಂತ ನಿಮಗೇ ಅನ್ನಿಸ್ತಿದೆ. ಓಡ್ತಿರೋ ಸೈಕಲ್ ಪಕ್ಕದಲ್ಲಿ ನಾವು ದಿನಾ ಹೋಗ್ತಿದೀವಿ, ಮೇಡಂ."

ಮ್ಯಾನೇಜರ್ ಪೆನ್ನಿನ ಮುಚ್ಚಳ ಹಾಕಿ, ತೆಗೆದು, ಮತ್ತೆ ಹಾಕಿದರು. "ಶುಕ್ರವಾರ ಬಸ್ಸು ತೊಳೆಯೋ ದಿನ. ಅಂಗಳ ಖಾಲಿ ಇರುತ್ತೆ. ಲೈಸೆನ್ಸ್ ತಗೊಂಡು ಬನ್ನಿ, ಅವಧಿ ಮುಗಿದಿಲ್ಲ ತಾನೇ?" ಎಂದರು.

ಶುಕ್ರವಾರ ಮೆಕ್ಯಾನಿಕ್ ಎಂಟು ಸೈಕಲ್ಲುಗಳನ್ನೂ ಸ್ಟ್ಯಾಂಡುಗಳನ್ನೂ ತಂದು ಸಾಲಾಗಿ ನಿಲ್ಲಿಸಿದರು. ಡ್ರೈವರುಗಳು ಮದುವೆ ಫೋಟೋಗೆ ನಿಂತವರಂತೆ ಹಲ್ಲುಕಿರಿಯುತ್ತ ಹತ್ತಿ ಕೂತರು. ಶಿಷ್ಯ ಸಾಲಿನ ಮೊದಲಿಗೆ ಕೂತ. ಬಸ್ಸಿನ ಸೀಟಿನಲ್ಲಿ ಎಷ್ಟೋ ದಿನದ ಮೇಲೆ ಕೂತ ನಮ್ಮ ಡ್ರೈವರು ಕನ್ನಡಿ ಸರಿಮಾಡಿಕೊಂಡರು. ನೆಲದ ಮೇಲೆ ಎರಡು ಗೆರೆ ಎಳೆಸಿದ್ದರು. ಮೊದಲ ಸಲ ಹತ್ತಿರದ ಗೆರೆಯ ಮೇಲೆ, ತಾವು ಸದಾ ಹೋಗುತ್ತಿದ್ದ ಅಂತರದಲ್ಲಿ, ತಾವು ಸದಾ ಹೋಗುತ್ತಿದ್ದ ವೇಗದಲ್ಲಿ ಬಂದರು. ಹಾರ್ನನ್ನೂ ಹೊಡೆದರು.

ಬಸ್ಸು ನಿಲ್ಲಿಸಿ ಹಿಂದಿರುಗಿ ನೋಡಿದಾಗ ಎಂಟು ಜನರಲ್ಲಿ ಐವರು ಸೈಕಲ್ಲಿನಿಂದ ಇಳಿದು ಗೋಡೆಗೆ ಅಂಟಿಕೊಂಡಿದ್ದರು. ಒಬ್ಬ ಹಿರಿಯ ಡ್ರೈವರು, ಎಲ್ಲರಿಗಿಂತ ಜೋರಾಗಿ ನಕ್ಕಿದ್ದವರು, ಎದೆಯ ಮೇಲೆ ಕೈಯಿಟ್ಟುಕೊಂಡು, "ನೀನು ಬರ್ತೀಯ ಅಂತ ಗೊತ್ತಿತ್ತಲ್ಲಪ್ಪ, ಆದರೂ..." ಎಂದು ಅರ್ಧಕ್ಕೇ ನಿಲ್ಲಿಸಿದರು. ಎಲ್ಲರೂ ಮತ್ತೆ ಹತ್ತಿದ ಮೇಲೆ ನಮ್ಮ ಡ್ರೈವರು ಎರಡನೆಯ ಸಲ ನಿಧಾನವಾಗಿ, ಒಂದೂವರೆ ಮೀಟರ್ ಆಚೆಗಿನ ಗೆರೆಯ ಮೇಲೆ ಹೋದರು. ಈ ಸಲ ಯಾರೂ ಇಳಿಯಲಿಲ್ಲ. ಶಿಷ್ಯ ಮೂರನೆಯ ಸಲವೂ ಹತ್ತಿರದ ಗೆರೆಯಲ್ಲೇ ಬರಲು ಹೇಳಿದ. "ನನಗೆ ಸರಿಯಾಗಿ ನೆನಪಿರಬೇಕು" ಎಂದ. ಮ್ಯಾನೇಜರ್ ಅದುವರೆಗೆ ಕಚೇರಿಯ ಮೆಟ್ಟಿಲ ಮೇಲೆ ನಿಂತಿದ್ದವರು, ಸದ್ದಿಲ್ಲದೆ ಬಂದು, ಆ ಹಿರಿಯ ಡ್ರೈವರು ಬಿಟ್ಟುಕೊಟ್ಟ ಸೈಕಲ್ಲನ್ನು ಹತ್ತಿದರು.

ಅದು ಅಲ್ಲಿಗೇ ಮುಗಿಯಲಿಲ್ಲ. ಡ್ರೈವರು ಮೆಕ್ಯಾನಿಕ್ಕನ್ನು ಕರೆದು ಬಸ್ಸಿನ ಸ್ಟಿಯರಿಂಗ್ ಮುಂದೆ ಕೂರಿಸಿದರು. ಶಿಷ್ಯನಿಗೆ ಸೈಕಲ್ ಹಿಡಿದು ಮುಂಬಾಗಿಲ ಪಕ್ಕ ನಿಲ್ಲಲು ಹೇಳಿದರು.

"ಎಲ್ಲಿದಾನೆ ಹೇಳಿ" ಎಂದರು.

ಮೆಕ್ಯಾನಿಕ್ ಎಲ್ಲ ಕನ್ನಡಿಗಳನ್ನೂ ನೋಡಿದರು, ಕತ್ತು ಉದ್ದ ಮಾಡಿದರು, ಸೀಟಿನಿಂದ ಅರ್ಧ ಎದ್ದರು. "ಕಾಣ್ತಾನೇ ಇಲ್ವಲ್ಲ."

"ಇಲ್ಲೇ ಇದೀನಿ" ಎಂಬ ದನಿ ಬಾಗಿಲ ಕೆಳಗಿನಿಂದ ಬಂತು.

"ಸಿಗ್ನಲ್ಲಲ್ಲಿ ನಾವು ಬಂದು ನಿಲ್ಲೋದು ಇದೇ ಜಾಗದಲ್ಲಿ" ಎಂದರು ಮೆಕ್ಯಾನಿಕ್. "ಭಾನುವಾರ ಎಲ್ಲರನ್ನೂ ಕರ್ಕೊಂಡ್ಬಂದು ತೋರಿಸಬೇಕು. ಒಬ್ಬೊಬ್ಬರನ್ನೂ ಇಲ್ಲಿ ಕೂರಿಸ್ತೀನಿ."

ಊರಿನ ಬಸ್ಸುಗಳೆಲ್ಲ ಮಾರನೆಯ ದಿನದಿಂದ ಸಾಧುಗಳಾದವು ಎಂದರೆ ಸುಳ್ಳಾದೀತು. ಹೊತ್ತಾದಾಗ ಒತ್ತಿಕೊಂಡು ಹೋಗುವವರು ಈಗಲೂ ಇದ್ದಾರೆ. ಆದರೆ ಹೊಸದಾಗಿ ಸೇರುವ ಡ್ರೈವರುಗಳ ತರಬೇತಿಯಲ್ಲಿ ಸೈಕಲ್ ಮೇಲೆ ಕೂರುವ ಒಂದು ಗಂಟೆಯನ್ನು ಮ್ಯಾನೇಜರ್ ಕಾಗದದ ಮೇಲೆಯೇ ಬರೆದು ಸೇರಿಸಿದರು. ಆ ಒಂದು ಗಂಟೆ ಬಸ್ಸು ಓಡಿಸಲು ಪೋಂಪೋಂ ಬರುತ್ತಾರೆ, ಸೈಕಲ್ ಮೇಲೆ. ಶಿಷ್ಯ ಜಲಾಶಯದ ಗೋಡೆಯ ಹತ್ತಿರ ಸೈಕಲ್ಲಿನವರ ಹಿಂದೆ ನಿಧಾನವಾಗಿ ಬರುತ್ತಾನೆಂದು ಪ್ರಯಾಣಿಕರು ಎರಡು ಸಲ ದೂರು ಕೊಟ್ಟರು. ಮ್ಯಾನೇಜರ್ ಎರಡನ್ನೂ ಓದಿ ಡ್ರಾಯರಿನಲ್ಲಿಟ್ಟರು.

ಇತ್ತ ಹೆಂಡತಿ ಹೊಲಿದ ಚಡ್ಡಿಯ ಸಂಗತಿ ಭಾನುವಾರದ ಗುಂಪಿನಲ್ಲಿ ಬಾಯಿಂದ ಬಾಯಿಗೆ ಹೋಗಿ, ಮುಂದಿನ ಕೋಣೆಗೆ ಹೊಸ ಥರದ ಗಿರಾಕಿಗಳು ಬರತೊಡಗಿದರು. ಸೀಟಿನ ಮೇಲೆ ಹೇಗೆ ಕೂರುತ್ತೀರಿ, ಎಲ್ಲಿ ಉಜ್ಜುತ್ತದೆ ಎಂದು ಹೆಂಡತಿ ಟೇಪು ಹಿಡಿದು ಯಾವ ಸಂಕೋಚವೂ ಇಲ್ಲದೆ ಕೇಳುತ್ತಿದ್ದರು. ಉತ್ತರ ಹೇಳಲು ಗಿರಾಕಿಗಳಿಗೇ ನಾಚಿಕೆಯಾಗುತ್ತಿತ್ತು.

ಮರುವರ್ಷ ಹೆಂಡತಿಯ ತಂಗಿ ಬೆಟ್ಟದಾಚೆಯ ಊರಿಗೆ ಇಬ್ಬರನ್ನೂ ಊಟಕ್ಕೆ ಕರೆದಳು. ಐವತ್ತೆಂಟು ಕಿಲೋಮೀಟರು. ಡ್ರೈವರು ಸೈಕಲ್ಲಿನಲ್ಲೇ ಬರುವುದಾಗಿ ಹೇಳಿದರು. ಹೆಂಡತಿ ಬಸ್ಸಿನಲ್ಲಿ ಹೋದರು. ಬೆಟ್ಟದ ರಸ್ತೆಯಲ್ಲಿ ಹನ್ನೊಂದು ತಿರುವು. ಏಳನೆಯದಕ್ಕೆ ಇಳಿಸಬಹುದಾದ ಗೇರುಗಳೆಲ್ಲ ಮುಗಿದುಹೋದವು. ಒಂಬತ್ತನೆಯದರಲ್ಲಿ ಇಳಿದು, ಸೈಕಲ್ ಒರಗಿಸಿ, ಬಾಳೆಹಣ್ಣು ತಿಂದು, ಕೆಳಗೆ ಹಗ್ಗ ಬಿದ್ದಂತಿದ್ದ ರಸ್ತೆಯನ್ನು ನೋಡಿ, ಇಷ್ಟನ್ನೆಲ್ಲ ತಾನೇ ಹತ್ತಿ ಬಂದೆನೇ ಎಂದುಕೊಂಡು ಮತ್ತೆ ಹತ್ತಿದರು. ನೆತ್ತಿ ದಾಟಿದ ಮೇಲೆ ಇಳಿಜಾರು. ಎರಡು ಬ್ರೇಕನ್ನೂ ಬಿಟ್ಟು ಬಿಟ್ಟು ಒತ್ತುತ್ತ, ತಿರುವಿನ ಆಚೆ ತುದಿಯನ್ನೇ ನೋಡುತ್ತ, ಕಣ್ಣಲ್ಲಿ ನೀರು ಬರುವಷ್ಟು ಗಾಳಿಯಲ್ಲಿ ಕೆಳಗಿಳಿದರು.

ಹೇಳಿದ್ದಕ್ಕಿಂತ ಮುಕ್ಕಾಲು ಗಂಟೆ ತಡವಾಗಿತ್ತು. ಮನೆಯ ಮುಂದೆ ಹೆಂಡತಿ ಗೇಟಿನ ಚಿಲಕವನ್ನು ಬಹಳ ಗಮನವಿಟ್ಟು ಪರೀಕ್ಷಿಸುತ್ತಿದ್ದರು.

"ಬಂದ್ರಾ" ಎಂದರು, ತಲೆಯೆತ್ತದೆ.

"ಒಂದು ಗಂಟೆಯಿಂದ ಆ ಚಿಲಕ ನೋಡ್ತಿದಾಳೆ ಭಾವ" ಎಂದಳು ಬಾಗಿಲಲ್ಲಿ ನಿಂತಿದ್ದ ತಂಗಿ. "ಮುರಿದಿದ್ರೆ ಇಷ್ಟು ಹೊತ್ತಿಗೆ ಹೊಸದು ಹಾಕಬಹುದಿತ್ತು."

ಡ್ರೈವರು ಎರಡು ತಟ್ಟೆ ಊಟ ಮಾಡಿ, ಕುರ್ಚಿಯಲ್ಲೇ ನಿದ್ದೆಹೋದರು. ಎಚ್ಚರವಾದಾಗ ಮನೆಯಲ್ಲಿ ಯಾರೂ ಕಾಣಲಿಲ್ಲ. ಹೊರಗೆ ಬಂದರೆ ಅಕ್ಕತಂಗಿಯರಿಬ್ಬರೂ ಸೈಕಲ್ಲಿನ ಎದುರು ನಿಂತಿದ್ದರು. ಹೆಂಡತಿ ಅದನ್ನು ಒಂದೇ ಕೈಯಲ್ಲಿ ಎತ್ತಿ ತೂಗಿನೋಡುತ್ತಿದ್ದರು.

"ಇಷ್ಟು ಹಗುರ ಇದೆ ಅಂತ ನೀವು ಹೇಳಲೇ ಇಲ್ಲ. ನನ್ನ ಮಷೀನೇ ಇದಕ್ಕಿಂತ ಭಾರ."

"ನೀನು ಕೇಳಲೇ ಇಲ್ಲ."

ಹೆಂಡತಿ ಸೈಕಲ್ಲನ್ನು ಕೆಳಗಿಟ್ಟು ಸೀಟಿನ ಎತ್ತರವನ್ನು ತಮ್ಮ ಸೊಂಟಕ್ಕೆ ಹೋಲಿಸಿದರು. "ಹನ್ನೆರಡು ವರ್ಷದವಳಿದ್ದಾಗ ಅಣ್ಣನ ಸೈಕಲ್ ಕದ್ದು ಓಡಿಸ್ತಿದ್ದೆ. ಇವಳು ಹಿಂದೆ ಕೂರ್ತಿದ್ಲು. ಇದನ್ನ ಸ್ವಲ್ಪ ಇಳಿಸೋಕಾಗುತ್ತಾ?"

"ಆಗುತ್ತೆ" ಎಂದು ಡ್ರೈವರು ಚೀಲದಿಂದ ಪಾನಾ ತೆಗೆದು, ಮಂಡಿಯೂರಿ ಕೂತರು. ಸೀಟಿನ ಬೋಲ್ಟು ಸಡಿಲಿಸಿ, ಕೆಳಕ್ಕೆ ಒತ್ತಿ, ಬಿಗಿ ಮಾಡಿದರು. "ಹಿಮ್ಮಡಿ ಪೆಡಲ್ ಮೇಲಿಡು, ನೋಡೋಣ."

ಹೆಂಡತಿ ಇಡಲಿಲ್ಲ. ಬಟ್ಟೆಯ ಅಂಚನ್ನು ಒಂದು ಪಿನ್ನಿನಿಂದ ಎತ್ತಿ ಸಿಕ್ಕಿಸಿಕೊಂಡು, ಒಂದು ಕಾಲು ನೂಕಿ, ಹೇಳುವಷ್ಟರಲ್ಲಿ ಬೀದಿಯ ಅರ್ಧದಲ್ಲಿದ್ದರು. ತಂಗಿ ಚಪ್ಪಾಳೆ ತಟ್ಟುತ್ತ ಹಿಂದೆ ಓಡಿದಳು. ಡ್ರೈವರು ಪಾನಾ ಹಿಡಿದುಕೊಂಡು ರಸ್ತೆಯ ನಡುವೆ ನಿಂತು, ಬೀದಿಯ ಕೊನೆಯಲ್ಲಿ ಆಕೆ ತಿರುವು ತೆಗೆದುಕೊಳ್ಳುವ ರೀತಿ ನೋಡಿದರು. ಚೆನ್ನಾಗಿಯೇ ತೆಗೆದುಕೊಂಡರು.